ಡಿಸ್ಕುಗಳ ಸಾಲು: ಕಟ್ಟುವುದು, ಪರೀಕ್ಷಿಸುವುದು



ನಿಮ್ಮ ಅಂಕಪಟ್ಟಿ, ಪ್ರವೇಶದ ದಾಖಲೆ, ಗ್ರಂಥಾಲಯದ ಲೆಕ್ಕ ಇವೆಲ್ಲ ಯಾವುದೋ ಕೋಣೆಯ ಸರ್ವರ್ ಒಳಗೆ ಡಿಸ್ಕುಗಳ ಮೇಲೆ ಬರೆದಿಟ್ಟಿರುತ್ತವೆ. ಡಿಸ್ಕು ಒಂದಲ್ಲ ಒಂದು ದಿನ ಕೆಡುತ್ತದೆ. ಅಂದು ದಾಖಲೆ ಉಳಿಯುವ ಬಗೆ ಹೇಗೆ?

1988ರಲ್ಲಿ ಅಮೆರಿಕದ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಇದಕ್ಕೊಂದು ದಾರಿಯನ್ನು ವಿವರಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಸಾಲುಗೂಡಿಸುವುದು. ಇದಕ್ಕೆ ‘ರೇಡ್’ ಎಂದು ಹೆಸರು.

ಇದರ ಐದನೆಯ ಬಗೆಯನ್ನು ನೋಡೋಣ. ನಾಲ್ಕು ಡಿಸ್ಕುಗಳಿವೆ ಎನ್ನಿ. ಮೂರರಲ್ಲಿ 1, 0, 1 ಎಂದು ಬರೆದೆವು. ನಾಲ್ಕನೆಯದರಲ್ಲಿ, ಒಟ್ಟು ಒಂದುಗಳ ಸಂಖ್ಯೆ ಸಮವಾಗುವಂತೆ 0 ಬರೆಯುತ್ತೇವೆ. ಇದೇ ಪ್ಯಾರಿಟಿ. ಎರಡನೆಯ ಡಿಸ್ಕು ಕೆಟ್ಟರೆ ಉಳಿದವು 1, 1, 0. ಒಂದುಗಳು ಈಗಾಗಲೇ ಸಮವಾಗಿವೆ; ಆದ್ದರಿಂದ ಕಳೆದುಹೋದದ್ದು 0. ವಾಸ್ತವದಲ್ಲಿ ಪ್ಯಾರಿಟಿಯನ್ನು ಒಂದೇ ಡಿಸ್ಕಿನಲ್ಲಿಡದೆ ನಾಲ್ಕಕ್ಕೂ ಹಂಚುತ್ತಾರೆ. ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿಂದ 12 ಟೆರಾಬೈಟ್ ಜಾಗ ಸಿಗುತ್ತದೆ.

ಕಟ್ಟುವುದು ಸುಲಭ. ಲಿನಕ್ಸ್‌ನಲ್ಲಿ ‘ಎಂಡಿ ಅಡ್ಮ್’ ಎಂಬ ಸಾಧನಕ್ಕೆ ಒಂದು ಸಾಲಿನ ಆದೇಶ ಸಾಕು. ತೊಡಕು ಬರುವುದು ಆಮೇಲೆ. ನಾನು ಕಂಡ ಒಂದು ಕಚೇರಿಯಲ್ಲಿ ಹೀಗೆ ಕಟ್ಟಿದ ಸಾಲಿನ ಒಂದು ಡಿಸ್ಕು ಎಂದೋ ಕೆಟ್ಟಿತ್ತು. ಕೆಲಸ ನಿಲ್ಲಲಿಲ್ಲವಾಗಿ ಯಾರೂ ಗಮನಿಸಲಿಲ್ಲ. ತಿಂಗಳುಗಳ ನಂತರ ಎರಡನೆಯದೂ ಕೆಟ್ಟಿತು. ಐದನೆಯ ಬಗೆ ತಾಳುವುದು ಒಂದೇ ಡಿಸ್ಕಿನ ನಷ್ಟವನ್ನು. ಮೂರು ವರ್ಷಗಳ ಲೆಕ್ಕಪತ್ರವನ್ನು ಕಾಗದ ನೋಡಿ ಮತ್ತೆ ಬೆರಳಚ್ಚು ಮಾಡಬೇಕಾಯಿತು.

ಆದುದರಿಂದ ಮೊದಲ ದಿನವೇ, ಮುಖ್ಯ ದಾಖಲೆ ತುಂಬುವ ಮೊದಲು, ಸಾಲನ್ನು ಪರೀಕ್ಷಿಸಬೇಕು. ಕೆಲವು ಕಡತಗಳನ್ನು ಹಾಕಿ ಅವುಗಳ ಚೆಕ್‌ಸಮ್ ಬರೆದಿಟ್ಟುಕೊಳ್ಳಿ. ಬೇಕೆಂದೇ ಒಂದು ಡಿಸ್ಕನ್ನು ‘ಕೆಟ್ಟಿದೆ’ ಎಂದು ಗುರುತಿಸಿ ಹೊರಗಿಡಿ. ಎಚ್ಚರಿಕೆಯ ಪತ್ರ ನಿಮಗೆ ತಲುಪಿತೇ? ಕಡತಗಳ ಚೆಕ್‌ಸಮ್ ಮೊದಲಿನಂತೆಯೇ ಇದೆಯೇ? ಡಿಸ್ಕನ್ನು ಮತ್ತೆ ಸೇರಿಸಿ. ಮರುಜೋಡಣೆ ಮುಗಿಯುವವರೆಗೆ ಕಾಯಿರಿ. ದೊಡ್ಡ ಡಿಸ್ಕುಗಳಿಗೆ ಗಂಟೆಗಟ್ಟಲೆ ಬೇಕು. ಎಚ್ಚರಿಕೆಯ ಪತ್ರವನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳದು. ವರ್ಷಗಟ್ಟಲೆ ಯಾರೂ ಓದದ ಮೂಲೆಯೊಂದು ಡಿಸ್ಕಿನಲ್ಲಿ ಸದ್ದಿಲ್ಲದೆ ಹಾಳಾಗಿರಬಹುದು. ಬೇರೆ ಡಿಸ್ಕು ಕೆಟ್ಟು ಮರುಜೋಡಣೆಗೆ ಇಳಿದಾಗಲೇ ಅದು ಹೊರಬರುತ್ತದೆ, ಆಗ ತಡವಾಗಿರುತ್ತದೆ. ಇದಕ್ಕಾಗಿ ಆಗಾಗ ಇಡೀ ಸಾಲನ್ನು ಓದಿಸಿ ಪ್ಯಾರಿಟಿಯನ್ನು ತಾಳೆ ನೋಡಿಸಬೇಕು. ಓದಲಾಗದ ಭಾಗ ಸಿಕ್ಕರೆ ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿ ಬರೆಯಲಾಗುತ್ತದೆ. ಎಲ್ಲವೂ ಓದಲು ಬಂದು, ತಾಳೆ ಮಾತ್ರ ತಪ್ಪಿದರೆ? ತಪ್ಪಿದೆ ಎಂದು ಪ್ಯಾರಿಟಿ ಹೇಳುತ್ತದೆ, ಯಾವ ಡಿಸ್ಕು ತಪ್ಪಿತೆಂದು ಹೇಳಲಾರದು. ಅಲ್ಲದೆ ನೀವೇ ಅಳಿಸಿದ ಕಡತ ಇಡೀ ಸಾಲಿನಿಂದಲೇ ಅಳಿಯುತ್ತದೆ. ಬೇರೆಡೆ ಪ್ರತಿ ಇಡುವ ಕೆಲಸ ಹಾಗೆಯೇ ಉಳಿಯಿತು.

ಇದನ್ನು ಕಲಿಯಲು ನಾಲ್ಕು ಡಿಸ್ಕು ಕೊಳ್ಳಬೇಕಿಲ್ಲ. ಲಿನಕ್ಸ್ ಗಣಕದಲ್ಲಿ ಸಮಗಾತ್ರದ ನಾಲ್ಕು ಖಾಲಿ ಕಡತ ಮಾಡಿ, ‘ಲೂಪ್’ ಸೌಲಭ್ಯದಿಂದ ಅವನ್ನೇ ಡಿಸ್ಕುಗಳೆಂದು ತೋರಿಸಿ, ಸಾಲು ಕಟ್ಟಿ. ಆಮೇಲೆ ಒಂದನ್ನು ಧೈರ್ಯವಾಗಿ ಕೆಡಿಸಿ ನೋಡಿ.