ಅಂಗಳದ ಹಸಿರು, ಊರಿನ ನೀರು



ಶತಮಾನೋತ್ಸವದ ನೆನಪಿಗೆ ಅಂಗಳದಲ್ಲಿ ಹುಲ್ಲುಹಾಸನ್ನೂ ಸ್ವಯಂಚಾಲಿತ ತುಂತುರು ನೀರಾವರಿಯನ್ನೂ ಮಾಡಿಸಿಕೊಡಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿದ್ದಾರೆ. ಆ ಅಭಿಮಾನಕ್ಕೆ ನಾವು ಋಣಿಗಳು.

ಯಂತ್ರದ ರಚನೆ ಸೊಗಸಾದುದೇ. ಗೊತ್ತುಪಡಿಸಿದ ವೇಳೆಗೆ ನಿಯಂತ್ರಕವು ಸಾಮಾನ್ಯವಾಗಿ 24 ವೋಲ್ಟಿನ ವಿದ್ಯುತ್ತನ್ನು ಕವಾಟಕ್ಕೆ ಕಳುಹಿಸುತ್ತದೆ. ಅಲ್ಲಿನ ತಂತಿಸುರುಳಿ ಅಯಸ್ಕಾಂತವಾಗಿ ಚಿಕ್ಕದೊಂದು ಕಡ್ಡಿಯನ್ನು ಮೇಲೆತ್ತುತ್ತದೆ. ರಬ್ಬರಿನ ಪೊರೆಯ ಮೇಲಣ ಒತ್ತಡ ಇಳಿಯುತ್ತದೆ. ನೀರು ತಾನೇ ಪೊರೆಯನ್ನು ತಳ್ಳಿ ಹರಿಯುತ್ತದೆ. ನೆಲದಲ್ಲಿ ಹುದುಗಿದ ಚಿಮ್ಮುಗೊಳವೆ ಆ ನೀರಿನ ಬಲದಿಂದಲೇ ಮೇಲೇಳುತ್ತದೆ, ನೀರು ನಿಂತೊಡನೆ ಸ್ಪ್ರಿಂಗು ಅದನ್ನು ಕೆಳಗೆಳೆಯುತ್ತದೆ. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಆದರೆ ಇದು ಸೊಲ್ಲಾಪುರ. 12ನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ ಊರು. ಭೀಮೆಗೆ ಉಜನಿ ಅಣೆಕಟ್ಟು ಬಂದ ಮೇಲೂ ನಮ್ಮ ನಲ್ಲಿಗಳಿಗೆ ನೀರು ಹಲವು ದಿನಗಳಿಗೊಮ್ಮೆ. ಅಕ್ಕಲಕೋಟೆಯ ಕಡೆಯ ಮಕ್ಕಳು ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವಾಗ, ಬಿಸಿಗಾಳಿಗೆ ಒಂದಷ್ಟು ಹಾರಿಹೋಗುವ ತುಂತುರು ನಮ್ಮ ಅಂಗಳಕ್ಕೆ ಒಪ್ಪುವುದಿಲ್ಲ. ನಿಯಂತ್ರಕ, ಕವಾಟಗಳು ಅವೇ ಇರಲಿ. ಹುಲ್ಲಿನ ಬದಲು ಬೇವು, ದಾಳಿಂಬೆ ನೆಟ್ಟು ಬುಡಕ್ಕೆ ಹನಿ ನೀರು ಕೊಡೋಣ. ಇಲ್ಲಿಯ ದಾಳಿಂಬೆ ಬೆಳೆಗಾರರಿಗೆ ಅದು ಹೊಸತಲ್ಲ. ಮಳೆ ಬಂದಾಗ ನೀರು ನಿಲ್ಲಿಸುವ ಸಂವೇದಕವೂ ಇರಲಿ. ಉಳಿದ ಹಣದಲ್ಲಿ ಮಾಳಿಗೆಯ ಮಳೆನೀರು ಹಿಡಿಯುವ ತೊಟ್ಟಿಯನ್ನು ಕಟ್ಟಿಸಿಕೊಡಬೇಕೆಂದು ದಾನಿಗಳಲ್ಲಿ ನಮ್ಮ ಬಿನ್ನಹ.