ಮುರಿಯಬೇಕಾದ ಆಣೆ

ಆಸ್ತಿ ಜಗಳದ ಸಿಟ್ಟಿನಲ್ಲಿ "ಅಲ್ಲಾಹನಾಣೆ, ಇನ್ನು ಅಣ್ಣನ ಮನೆಯ ಹೊಸ್ತಿಲು ತುಳಿಯುವುದಿಲ್ಲ" ಎಂದವರು ವರ್ಷಗಟ್ಟಲೆ ಹಾಗೆಯೇ ಇದ್ದುಬಿಡುತ್ತಾರೆ. ಆಣೆ ಮುರಿದರೆ ಪಾಪವಲ್ಲವೇ ಎಂದು ನಮ್ಮನ್ನು ಕೇಳುತ್ತಾರೆ. ಸಂಬಂಧ ಮುರಿದದ್ದರ ಬಗ್ಗೆ ಮಾತ್ರ ಕೇಳುವುದಿಲ್ಲ!

ಹ. ಆಯಿಶಾ(ರ)ರ ಮೇಲಿನ ಅಪವಾದವನ್ನು ಹರಡಿದವರಲ್ಲಿ ಮಿಸ್ತಹ್ ಕೂಡ ಇದ್ದರು. ಅವರು ಹ. ಅಬೂಬಕರ್(ರ)ರ ಬಡ ಬಂಧು, ಅವರ ನೆರವಿನಿಂದಲೇ ಬದುಕುತ್ತಿದ್ದವರು. ಇನ್ನು ಮಿಸ್ತಹ್‌ಗೆ ಏನನ್ನೂ ಕೊಡೆನೆಂದು ಅಬೂಬಕರ್(ರ) ಆಣೆಯಿಟ್ಟರು. ಮಗಳ ಮಾನದ ಪ್ರಶ್ನೆ, ಯಾವ ತಂದೆ ತಾನೇ ಸಹಿಸಿಯಾನು? ಆದರೂ ಸೂರಃ ಅನ್ನೂರ್‌ನ 22ನೇ ಸೂಕ್ತ ಅವತೀರ್ಣವಾದಾಗ, ಅಲ್ಲಾಹನ ಕ್ಷಮೆ ತನಗೆ ಬೇಕೆಂದು ಹೇಳಿ ನೆರವನ್ನು ಮತ್ತೆ ಆರಂಭಿಸಿದರು.

ಆಣೆಯಿಟ್ಟ ಮೇಲೆ ಅದಕ್ಕಿಂತ ಉತ್ತಮವಾದುದು ಕಂಡರೆ ಆ ಉತ್ತಮವನ್ನೇ ಮಾಡಿ, ಆಣೆಗೆ ಪ್ರಾಯಶ್ಚಿತ್ತ ನೀಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಸೂರಃ ಅಲ್ ಮಾಇದಃದ 89ನೇ ಸೂಕ್ತದ ಪ್ರಕಾರ, ಮನೆಯವರಿಗೆ ಉಣಿಸುವಂಥ ಸಾಧಾರಣ ಊಟವನ್ನು 10 ಮಂದಿ ಬಡವರಿಗೆ ಕೊಡಬೇಕು, ಇಲ್ಲವೇ ಅವರಿಗೆ ಬಟ್ಟೆ ಕೊಡಬೇಕು, ಇಲ್ಲವೇ ಗುಲಾಮನೊಬ್ಬನನ್ನು ಬಿಡುಗಡೆ ಮಾಡಬೇಕು. ಇದಾವುದಕ್ಕೂ ಗತಿಯಿಲ್ಲದವನಿಗೆ ಮಾತ್ರ 3 ದಿನಗಳ ಉಪವಾಸ. ನಮ್ಮಲ್ಲಿ ಮದುವೆಗೆ ಸಾವಿರ ಮಂದಿಗೆ ಬಿರಿಯಾನಿ ಬಡಿಸಿದವರೂ ನೇರವಾಗಿ ಉಪವಾಸಕ್ಕೆ ಹಾರುತ್ತಾರೆ.