ಋತುಜಾಡ್ಯಗಳೂ ಮನೆವೈದ್ಯರ ಲೆಕ್ಕವೂ



ಯಾವ ನಕ್ಷತ್ರದಲ್ಲಿ ಮಳೆ ಹಿಡಿಯುವುದು, ಯಾವುದರಲ್ಲಿ ಬಿಡುವುದು ಎಂಬುದನ್ನು ನಮ್ಮ ಹಿರಿಯರು ಪಂಚಾಂಗ ನೋಡಿ ಹೇಳುತ್ತಿದ್ದರು. ಪಂಚಾಂಗದಲ್ಲಿ ಅಚ್ಚಾಗದ ಇನ್ನೊಂದು ಲೆಕ್ಕ ಮನೆಯ ಅಜ್ಜಿಯರ ಬಾಯಲ್ಲಿರುತ್ತಿತ್ತು. ಶಿವರಾತ್ರಿ ಕಳೆದು ಬಿಸಿಲೇರುವಾಗ ಮಕ್ಕಳಿಗೆ ಸೀತಾಳೆ ಸಿಡುಬು. ಮುಂಗಾರಿನ ಮೊದಲ ನೀರು ಬಾವಿಗಿಳಿದಾಗ ಭೇದಿ, ಕಾಮಾಲೆ. ಆಷಾಢದ ಗಾಳಿ ಬೀಸಿದಾಗ ನೆಗಡಿ, ಕೆಮ್ಮು, ಮೈಕೈ ನೋವಿನ ಜ್ವರ. ಈ ಲೆಕ್ಕ ಸ್ಥೂಲವಾದುದಾದರೂ ಸುಳ್ಳಲ್ಲ. ಇಂದಿನ ವೈದ್ಯಶಾಸ್ತ್ರವೂ ಬಹುಮಟ್ಟಿಗೆ ಇದನ್ನು ಒಪ್ಪುತ್ತದೆ. ಆದರೆ ಈ ವರ್ಷ ಜಾಡ್ಯವು ಯಾವ ವಾರ ಬಂದೀತು, ಯಾವ ಬೀದಿಗೆ ಬಂದೀತು, ಎಷ್ಟು ಬಲವಾಗಿ ಬಂದೀತು ಎಂಬುದನ್ನು ಅಜ್ಜಿಯೂ ಹೇಳಲಾರಳು, ಪಂಚಾಂಗವೂ ಹೇಳಲಾರದು. ಅದನ್ನು ತಿಳಿಯುವ ಬಗೆಯೊಂದಿದೆ. ನಾವು ಈ ಹೊತ್ತು ವಿಚಾರಮಾಡಬೇಕೆಂದಿರುವುದು ಆ ಬಗೆಯನ್ನು ಕುರಿತು.

ಬಸವನಗುಡಿಯ ತೆಂಕಣಕ್ಕೆ, ನರಸಿಂಹರಾಜ ಕಾಲೊನಿಯ ಮಗ್ಗುಲಿಗೆ ಇರುವ ತ್ಯಾಗರಾಜನಗರವನ್ನು ತೆಗೆದುಕೊಳ್ಳೋಣ. ಇಂಥ ಬಡಾವಣೆಯಲ್ಲಿ ಮನೆವೈದ್ಯರೆಂದರೆ ಅಜ್ಜನ ರಕ್ತದೊತ್ತಡವನ್ನೂ ಮೊಮ್ಮಗನ ಕೆಮ್ಮನ್ನೂ ಒಂದೇ ಕುರ್ಚಿಯಲ್ಲಿ ಕುಳಿತು ನೋಡುವವರು. ಒಂದು ಸೋಮವಾರ ಸಾಯಂಕಾಲ ಅವರ ಬಳಿಗೆ ಮೂವತ್ತು ಮಂದಿ ಬರುತ್ತಾರೆಂದು ಇಟ್ಟುಕೊಳ್ಳಿ. ವಾಡಿಕೆಯಾಗಿ ಅವರಲ್ಲಿ ಇಬ್ಬರು ಮೂವರಿಗೆ ಜ್ವರವಿರುತ್ತದೆ. ಈ ಸೋಮವಾರ ಎಂಟು ಮಂದಿಗಿದೆ. “ಏನೋ ಬಂದಿದೆ” ಎಂದು ವೈದ್ಯರ ಮನಸ್ಸಿಗೆ ಹೊಳೆಯುತ್ತದೆ. ಅದೇ ಸಾಯಂಕಾಲ ಹನುಮಂತನಗರದ ವೈದ್ಯರೊಬ್ಬರು ಏಳು ಮಂದಿಯನ್ನೂ ಗಾಂಧಿಬಜಾರಿನ ಬಳಿಯ ಇನ್ನೊಬ್ಬರು ಒಂಬತ್ತು ಮಂದಿಯನ್ನೂ ನೋಡಿರಬಹುದು. ಒಬ್ಬೊಬ್ಬರಿಗೂ ಇದು ಆಕಸ್ಮಿಕವೆಂದು ತೋರಬಹುದು. ಮೂರನ್ನೂ ಕೂಡಿಸಿದವನಿಗೆ ಮಾತ್ರ ಅದು ಆಕಸ್ಮಿಕವಲ್ಲವೆಂದು ಗೊತ್ತಾಗುವುದು. ಆ ಜ್ವರಿತರಲ್ಲಿ ಒಬ್ಬರೂ ಇನ್ನೂ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಿರುವುದಿಲ್ಲ. ಯಾರ ರಕ್ತವೂ ಪ್ರಯೋಗಶಾಲೆಗೆ ಹೋಗಿರುವುದಿಲ್ಲ. ಊರಿಗೆ ಕಾಲಿಟ್ಟ ಜಾಡ್ಯವನ್ನು ಎಲ್ಲರಿಗಿಂತ ಮೊದಲು ಕಾಣುವವರು ಮನೆವೈದ್ಯರು. ಕಂಡದ್ದನ್ನು ಬರೆದು, ಬರೆದುದನ್ನು ಕೂಡಿಸದಿದ್ದರೆ, ಕಂಡದ್ದು ಕಾಣದಂತೆಯೇ ಸರಿ.

ತಡವಾಗಿ ತಿಳಿಯುವುದೆಂದರೇನೆಂಬುದನ್ನು ಬೆಂಗಳೂರು ಚೆನ್ನಾಗಿ ಬಲ್ಲದು. ೧೮೯೮ನೆಯ ಇಸವಿಯ ಆಗಸ್ಟಿನಲ್ಲಿ ಪ್ಲೇಗು ಈ ಊರನ್ನು ಹೊಕ್ಕಿತು. ಆಗ ಜನರಿಗೆ ದೊರೆಯುತ್ತಿದ್ದ ಮೊದಲ ಸೂಚನೆ ಇಲಿ ಬಿದ್ದದ್ದು. ಎರಡನೆಯ ಸೂಚನೆ ಮನುಷ್ಯ ಬಿದ್ದದ್ದು. ಪೇಟೆಯ ಇಕ್ಕಟ್ಟಾದ ಕೇರಿಗಳಿಂದ ಜನ ಹೊರಬಿದ್ದು ಬಯಲಿನ ಗುಡಿಸಿಲುಗಳಲ್ಲಿ ಕಾಲ ಕಳೆದರು. ಅಗಲವಾದ ಬೀದಿಗಳೂ ಗಾಳಿ ಬೆಳಕುಗಳೂ ಇರುವ ಬಸವನಗುಡಿ, ಮಲ್ಲೇಶ್ವರಗಳು ತುಂಬಿ ಬೆಳೆದುದು ಈ ಉತ್ಪಾತದ ತರುವಾಯವೇ. ಪ್ಲೇಗಿನ ಅಮ್ಮನಿಗೆ ಕಟ್ಟಿದ ಗುಡಿಗಳು ನಗರದಲ್ಲಿ ಇಂದಿಗೂ ಉಳಿದಿವೆ. ಮತ್ತೆ ಇಪ್ಪತ್ತು ವರ್ಷಗಳಿಗೆ, ೧೯೧೮ರಲ್ಲಿ, ಇನ್‌ಫ್ಲುಯೆನ್ಜಾ ಜ್ವರವು ಭರತಖಂಡದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ತೆಗೆದುಕೊಂಡಿತು. ಮೈಸೂರು ಸಂಸ್ಥಾನವೂ ಅದಕ್ಕೆ ಹೊರತಾಗಲಿಲ್ಲ. ಈ ಎರಡು ಸಂದರ್ಭಗಳಲ್ಲಿಯೂ ಸರ್ಕಾರದ ಕೈಗೆ ಮುಖ್ಯವಾಗಿ ಸಿಗುತ್ತಿದ್ದುದು ಸತ್ತವರ ಲೆಕ್ಕ. ಸಾವಿನ ಲೆಕ್ಕ ನಿಜವಾದದ್ದೇ. ಆದರೆ ಅದು ಊರು ಕೊಳ್ಳೆ ಹೋದಮೇಲೆ ಕೋಟೆಯ ಬಾಗಿಲು ಹಾಕುವವನ ಲೆಕ್ಕ.

ಹಾಗಾದರೆ ಬದುಕಿರುವವರ ಕಾಯಿಲೆಯನ್ನು ಲೆಕ್ಕವಿಟ್ಟು ಏನಾದರೂ ತಿಳಿಯಲು ಸಾಧ್ಯವೆ? ಸಾಧ್ಯವೆಂಬುದನ್ನು ಒಬ್ಬ ಹಳ್ಳಿಯ ವೈದ್ಯರು ತೋರಿಸಿಕೊಟ್ಟರು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ವೆನ್ಸ್‌ಲಿಡೇಲ್ ಎಂಬ ಕಣಿವೆಯಿದೆ. ಅಲ್ಲಿ ವಿಲಿಯಂ ಪಿಕಲ್ಸ್ ಎಂಬವರು ವೈದ್ಯವೃತ್ತಿ ನಡಸುತ್ತಿದ್ದರು. ೧೯೨೯ರಲ್ಲಿ ಆ ಕಣಿವೆಯಲ್ಲಿ ಕಾಮಾಲೆ ಹರಡಿ ಇನ್ನೂರಕ್ಕೂ ಹೆಚ್ಚು ಜನ ಮಲಗಿದರು. ಪಿಕಲ್ಸರು ಒಬ್ಬೊಬ್ಬ ರೋಗಿಯನ್ನೂ ಯಾವ ದಿನ ಎಲ್ಲಿದ್ದಿರಿ, ಯಾರನ್ನು ಕಂಡಿರಿ ಎಂದು ಕೇಳಿ ಬರೆದಿಟ್ಟರು. ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದುದನ್ನು ತಾವೇ ನೋಡಿ ಬಂದಿದ್ದ ಹುಡುಗಿಯೊಬ್ಬಳು ಮಧ್ಯಾಹ್ನ ಊರ ಜಾತ್ರೆಗೆ ಹೋಗಿ ಚಹದ ಪಾತ್ರೆಗಳನ್ನು ತೊಳೆಯಲು ನೆರವಾಗಿದ್ದಳೆಂದು ಅವರಿಗೆ ತಿಳಿಯಿತು. ಸುಮಾರು ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಜಾತ್ರೆಗೆ ಬಂದಿದ್ದವರಲ್ಲಿ ಹಲವರಿಗೆ ಕಾಮಾಲೆ ಬಂದಿತ್ತು. ಜಾಡ್ಯ ತಗುಲಿದ ದಿನಕ್ಕೂ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ೨೬ರಿಂದ ೩೫ ದಿನಗಳೆಂದು ಅವರು ಗೊತ್ತುಮಾಡಿದರು. ಇಂದಿನ ಶಾಸ್ತ್ರಜ್ಞರು ಈ ಬಗೆಯ ಕಾಮಾಲೆಗೆ ಸರಾಸರಿ ೨೮ ದಿನಗಳೆನ್ನುತ್ತಾರೆ. ಪಿಕಲ್ಸರು ತಮ್ಮ ಅನುಭವಗಳನ್ನು ೧೯೩೯ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮುಂದೆ ಬ್ರಿಟನ್ನಿನ ಮನೆವೈದ್ಯರು ತಮ್ಮದೇ ಆದ ಕಾಲೇಜೊಂದನ್ನು ಸ್ಥಾಪಿಸಿಕೊಂಡಾಗ ಅದರ ಮೊದಲ ಅಧ್ಯಕ್ಷರಾದವರೂ ಇವರೇ. ಆ ಕಾಲೇಜಿಗೆ ಸೇರಿದ ಕೆಲವು ವೈದ್ಯರು ೧೯೬೦ರ ದಶಕದಿಂದ ಇಂದಿನವರೆಗೂ ತಾವು ನೋಡಿದ ಕಾಯಿಲೆಗಳ ಲೆಕ್ಕವನ್ನು ವಾರವಾರವೂ ಕಳುಹಿಸುತ್ತ ಬಂದಿದ್ದಾರೆ. ಆ ದೇಶದಲ್ಲಿ ಇನ್‌ಫ್ಲುಯೆನ್ಜಾ ಏರಿತೋ ಇಳಿಯಿತೋ ಎಂಬುದನ್ನು ಹೇಳುವ ಮುಖ್ಯ ಸಾಧನಗಳಲ್ಲಿ ಇದೂ ಒಂದು.

ವೆನ್ಸ್‌ಲಿಡೇಲ್ ಸಣ್ಣ ಕಣಿವೆ, ಬೆಂಗಳೂರು ಮಹಾನಗರ. ಬ್ರಿಟನ್ನಿನಲ್ಲಿ ಪ್ರತಿಯೊಂದು ಕುಟುಂಬವೂ ಒಂದು ವೈದ್ಯಶಾಲೆಯಲ್ಲಿ ಹೆಸರು ಬರೆಸಿರುತ್ತದೆ, ನಮ್ಮಲ್ಲಿ ಹಾಗಿಲ್ಲ. ಆದಕಾರಣ ಇಷ್ಟು ಸಾವಿರ ಜನರಲ್ಲಿ ಇಷ್ಟು ಮಂದಿಗೆ ಜ್ವರ ಎಂದು ನಾವು ಹೇಳುವಂತಿಲ್ಲ. ಆದರೆ ವೈದ್ಯರಲ್ಲಿಗೆ ಬಂದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಜ್ವರ ಎಂದು ಹೇಳಬಹುದು. ಅಷ್ಟಾದರೆ ಸಾಕು. ಇದಕ್ಕೆ ಬೇಕಾದ ಬರವಣಿಗೆಯೂ ಹೆಚ್ಚಿಲ್ಲ: ರೋಗಿಯ ವಯಸ್ಸು, ಬಡಾವಣೆ, ಜ್ವರ ಮೊದಲಾದ ದಿನ, ಮತ್ತು ಕಾಯಿಲೆಯ ಬಗೆ. ಹೆಸರು ಬೇಕಿಲ್ಲ.

ಲೆಕ್ಕ ಇಡುವಾಗ ಕೆಲವು ಎಚ್ಚರಗಳುಂಟು. ಮೊದಲನೆಯದಾಗಿ, ಎಲ್ಲ ವೈದ್ಯರೂ ಒಂದೇ ಅಳತೆಗೋಲನ್ನು ಹಿಡಿಯಬೇಕು. ಇನ್‌ಫ್ಲುಯೆನ್ಜಾದಂತೆ ತೋರುವ ಜ್ವರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಒಂದು ಗೊತ್ತುಪಾಡನ್ನು ಹಾಕಿಕೊಟ್ಟಿದೆ: ಮೈ ಬಿಸಿ ೧೦೦.೪ ಡಿಗ್ರಿ ಅಥವಾ ಅದಕ್ಕೆ ಮೇಲ್ಪಟ್ಟು ಇರಬೇಕು, ಕೆಮ್ಮು ಇರಬೇಕು, ಕಾಯಿಲೆ ಹತ್ತು ದಿನಗಳೊಳಗೆ ಆರಂಭವಾಗಿರಬೇಕು. ಎರಡನೆಯದಾಗಿ, ದಿನದ ಲೆಕ್ಕವನ್ನು ನಂಬದೆ ವಾರದ ಲೆಕ್ಕವನ್ನು ಹಿಡಿಯಬೇಕು. ಭಾನುವಾರ ಬಾಗಿಲು ಹಾಕಿದ್ದರೆ ಸೋಮವಾರ ಎರಡು ದಿನದ ರೋಗಿಗಳು ಬರುತ್ತಾರೆ. ಗೌರಿ ಗಣೇಶನ ಹಬ್ಬದ ದಿನ ಜ್ವರವಿದ್ದರೂ ಯಾರೂ ಹೊರಡುವುದಿಲ್ಲ. ಮೂರನೆಯದಾಗಿ, ಈ ವಾರವನ್ನು ಹೋದ ವಾರದೊಡನೆ ಹೋಲಿಸಿದರೆ ಸಾಲದು, ಹಿಂದಿನ ವರ್ಷಗಳ ಇದೇ ವಾರದೊಡನೆಯೂ ಹೋಲಿಸಬೇಕು. ಜುಲೈ ತಿಂಗಳಲ್ಲಿ ಕೆಮ್ಮು ಏರುವುದು ವಾಡಿಕೆ. ವಾಡಿಕೆಗಿಂತ ಏರಿದೆಯೆ ಎಂಬುದೇ ಪ್ರಶ್ನೆ.

ಪರೀಕ್ಷೆಯಿಲ್ಲದೆ ವೈದ್ಯರು ಊಹಿಸಿದ ಕಾಯಿಲೆಯನ್ನು ಲೆಕ್ಕಕ್ಕೆ ಹಿಡಿಯುವುದು ಶಾಸ್ತ್ರೀಯವೆ ಎಂದು ಯಾರಾದರೂ ಕೇಳಬಹುದು. ಒಬ್ಬ ರೋಗಿಯ ವಿಷಯದಲ್ಲಿ ಊಹೆ ತಪ್ಪಬಹುದು, ನಿಜ. ಆದರೆ ಹೋದ ವರ್ಷ ತಪ್ಪುವಷ್ಟೇ ಈ ವರ್ಷವೂ ತಪ್ಪುವುದರಿಂದ, ಏರಿದ್ದು ಏರಿದ್ದೇ, ಇಳಿದದ್ದು ಇಳಿದದ್ದೇ. ಏರಿದ ಜ್ವರ ಯಾವುದೆಂದು ತಿಳಿಯಬೇಕಾದರೆ ಕೆಲವರ ಗಂಟಲಿನ ಅಥವಾ ರಕ್ತದ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿದರಾಯಿತು. ಅನ್ನ ಬೆಂದಿದೆಯೆ ಎಂದು ನೋಡಲು ಎಲ್ಲ ಅಗುಳನ್ನೂ ಹಿಸುಕಬೇಕಾಗಿಲ್ಲ.

ಒಂದು ವಾರ ಮುಂಚಿತವಾಗಿ ತಿಳಿದರೆ ಲಾಭವೇನು? ಡೆಂಗೆ ಜ್ವರವನ್ನು ನೋಡಿ. ಇದನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು; ತಾನು ಹುಟ್ಟಿದ ಮನೆಯಿಂದ ಬಹುದೂರ ಹೋಗುವಂಥದಲ್ಲ. ಮುಚ್ಚಳವಿಲ್ಲದ ತೊಟ್ಟಿ, ಹೂವಿನ ಕುಂಡದ ತಟ್ಟೆ, ಹಿತ್ತಲಿನಲ್ಲಿ ಎಸೆದ ಎಳನೀರಿನ ಬುರುಡೆ, ರೆಫ್ರಿಜರೇಟರಿನ ಹಿಂಬದಿಯ ನೀರು ಇವೇ ಅದರ ತೌರುಮನೆಗಳು. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ. ರೋಗಿಯನ್ನು ಕಚ್ಚಿದ ಸೊಳ್ಳೆಯಲ್ಲಿ ವಿಷಾಣು ಬೆಳೆದು ಇನ್ನೊಬ್ಬರಿಗೆ ದಾಟಲು ಸುಮಾರು ಎಂಟರಿಂದ ಹನ್ನೆರಡು ದಿನ. ಕಚ್ಚಿಸಿಕೊಂಡವನಿಗೆ ಜ್ವರ ಬರಲು ಮತ್ತೆ ನಾಲ್ಕರಿಂದ ಹತ್ತು ದಿನ. ಎಂದರೆ, ಒಂದು ಬೀದಿಯ ಮೊದಲ ರೋಗಿಗೂ ಅವನಿಂದ ಜ್ವರ ಪಡೆಯುವ ಎರಡನೆಯ ರೋಗಿಗೂ ನಡುವೆ ಎರಡು ಮೂರು ವಾರಗಳ ಬಿಡುವಿದೆ. ಆ ಬಿಡುವಿನೊಳಗೆ ಬೀದಿಯ ಮನೆಗಳವರೆಲ್ಲ ನಿಂತ ನೀರನ್ನು ಚೆಲ್ಲಿದರೆ ಎರಡನೆಯ ರೋಗಿ ಹುಟ್ಟದೆಯೇ ಇರಬಹುದು. ಆಸ್ಪತ್ರೆಯ ಹಾಸಿಗೆಗಳು ತುಂಬಿದಮೇಲೆ ಎಚ್ಚತ್ತರೆ ಈ ಬಿಡುವು ಎರಡು ಮೂರು ಸಲ ಕಳೆದುಹೋಗಿರುತ್ತದೆ. ೨೦೨೪ರಲ್ಲಿ ಡೆಂಗೆ ರಾಜ್ಯದಲ್ಲಿ ಎಷ್ಟು ಹೆಚ್ಚಿತೆಂದರೆ ಕರ್ನಾಟಕ ಸರ್ಕಾರವು ಸೆಪ್ಟೆಂಬರಿನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಬೇಕಾಯಿತು. ಆ ವೇಳೆಗೆ ಮಳೆಗಾಲದ ಬಹುಭಾಗ ಮುಗಿದಿತ್ತು.

ಸರ್ಕಾರ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿದೆಯೆಂದು ಹೇಳುವುದು ನ್ಯಾಯವಲ್ಲ. ಭಾರತ ಸರ್ಕಾರವು ೨೦೦೪ರಲ್ಲಿ ಜಾಡ್ಯಗಳ ಮೇಲೆ ಕಣ್ಣಿಡುವ ಯೋಜನೆಯೊಂದನ್ನು ಆರಂಭಿಸಿತು. ಆರೋಗ್ಯ ಕಾರ್ಯಕರ್ತರು ಲಕ್ಷಣಗಳನ್ನೂ, ವೈದ್ಯರು ತಾವು ಊಹಿಸಿದ ಕಾಯಿಲೆಗಳನ್ನೂ, ಪ್ರಯೋಗಶಾಲೆಗಳು ದೃಢಪಟ್ಟ ಕಾಯಿಲೆಗಳನ್ನೂ ಬೇರೆ ಬೇರೆ ನಮೂನೆಗಳಲ್ಲಿ ವಾರಕ್ಕೊಮ್ಮೆ ಕಳುಹಿಸುವ ಏರ್ಪಾಡು ಅದು. ೨೦೧೮ರಲ್ಲಿ ಇದನ್ನು ಕಂಪ್ಯೂಟರಿನ ಮೂಲಕ ಆಗಿಂದಾಗ್ಗೆ ಕಳುಹಿಸುವ ಪದ್ಧತಿ ಕೆಲವು ರಾಜ್ಯಗಳಲ್ಲಿ ಮೊದಲಾಯಿತು, ಕರ್ನಾಟಕವೂ ಅವುಗಳಲ್ಲೊಂದು. ೨೦೨೦ರ ಕೋವಿಡ್ ಕಾಲದಲ್ಲಿ ಖಾಸಗಿ ವೈದ್ಯರೂ ತಮ್ಮಲ್ಲಿಗೆ ಬಂದ ಜ್ವರ ಕೆಮ್ಮುಗಳ ವಿವರವನ್ನು ತಿಳಿಸಬೇಕೆಂದು ನಮ್ಮ ರಾಜ್ಯದಲ್ಲಿ ಆಜ್ಞೆಯಾಯಿತು.

ಚೌಕಟ್ಟು ಇದೆ, ಅದರೊಳಗಿನ ಚಿತ್ರ ಅರ್ಧ ಖಾಲಿಯಾಗಿದೆ. ಸರ್ಕಾರಿ ಆಸ್ಪತ್ರೆಗಳ ಲೆಕ್ಕ ಬರುವಷ್ಟು ಚೆನ್ನಾಗಿ ಬೀದಿಯ ಖಾಸಗಿ ವೈದ್ಯರ ಲೆಕ್ಕ ಬರುವುದಿಲ್ಲ. ನಮ್ಮ ಬಡಾವಣೆಗಳ ಜನರಾದರೋ ಬಹುಪಾಲು ಖಾಸಗಿ ವೈದ್ಯರ ಬಳಿಗೇ ಹೋಗುವವರು. ವೈದ್ಯರನ್ನು ದೂರಿ ಫಲವಿಲ್ಲ. ಒಬ್ಬರೇ ಕುಳಿತು ರಾತ್ರಿ ಒಂಬತ್ತರವರೆಗೆ ರೋಗಿಗಳನ್ನು ನೋಡಿದವರಿಗೆ ನಮೂನೆ ತುಂಬುವ ಬಿಡುವೆಲ್ಲಿಯದು? ಅದಕ್ಕಿಂತ ದೊಡ್ಡ ಕಾರಣವೆಂದರೆ, ಕಳುಹಿಸಿದ ಲೆಕ್ಕ ಬಾವಿಗೆ ಬಿದ್ದ ಕಲ್ಲಿನಂತಾಗುವುದು. “ಈ ವಾರ ದಕ್ಷಿಣ ಬೆಂಗಳೂರಿನಲ್ಲಿ ಡೆಂಗೆ ಏರುತ್ತಿದೆ, ಕೆಮ್ಮು ಇಳಿಯುತ್ತಿದೆ” ಎಂಬ ಎರಡು ಸಾಲಿನ ಉತ್ತರ ವಾರವಾರವೂ ವೈದ್ಯರಿಗೆ ಮರಳಿ ಬಂದರೆ, ಅವರ ಮುಂದಿನ ರೋಗಿಗೂ ಅದು ಪ್ರಯೋಜನವಾಗುತ್ತದೆ. ಲೆಕ್ಕ ಕಳುಹಿಸಲು ಅವರಿಗೂ ಉತ್ಸಾಹ ಬರುತ್ತದೆ. ಬಡಾವಣೆಗೆ ಒಬ್ಬಿಬ್ಬರು ವೈದ್ಯರು ಕ್ರಮವಾಗಿ ಬರೆದರೂ ಸಾಕು. ನೂರು ಮಂದಿ ಒಮ್ಮೊಮ್ಮೆ ಬರೆಯುವುದಕ್ಕಿಂತ ಹತ್ತು ಮಂದಿ ತಪ್ಪದೆ ಬರೆಯುವುದು ಮೇಲು.

ಇದರಲ್ಲಿ ಗೃಹಸ್ಥರ ಪಾಲೂ ಇದೆ. ಜ್ವರ ಬಂದೊಡನೆ ಅಂಗಡಿಯಿಂದ ಮಾತ್ರೆ ತಂದು ನುಂಗಿದವರು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ತಲೆನೋವಿಗೆ ಒಬ್ಬ ತಜ್ಞರು, ಹೊಟ್ಟೆನೋವಿಗೆ ಇನ್ನೊಬ್ಬ ತಜ್ಞರು ಎಂದು ಊರ ಮೂಲೆ ಮೂಲೆಗೆ ಓಡುವ ಕುಟುಂಬದ ಕಾಯಿಲೆಗಳನ್ನು ಒಟ್ಟಾಗಿ ನೋಡುವವರು ಯಾರೂ ಉಳಿಯುವುದಿಲ್ಲ. ಮನೆಯವರೆಲ್ಲರನ್ನೂ ಬಲ್ಲ ಮನೆವೈದ್ಯರು ಬಡಾವಣೆಗಳಲ್ಲಿ ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಅವರು ಬಾಗಿಲು ಹಾಕಿದಾಗ ಒಂದು ಔಷಧಶಾಲೆ ಮಾತ್ರ ಮುಚ್ಚಿತೆಂದು ತಿಳಿಯಬಾರದು. ಬೀದಿಯನ್ನು ಕಾಯುತ್ತಿದ್ದ ಒಂದು ಕಣ್ಣೂ ಅದರೊಡನೆ ಮುಚ್ಚಿತು.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ಬಿನ್ನಹವಿಷ್ಟು. ಹತ್ತಿರದಲ್ಲಿ ಮನೆವೈದ್ಯರಿದ್ದರೆ ಅವರಲ್ಲಿಗೇ ಮೊದಲು ಹೋಗಿ. ಜ್ವರ ಯಾವ ದಿನ ಹಿಡಿಯಿತೆಂಬುದನ್ನು ಸರಿಯಾಗಿ ನೆನಪಿಟ್ಟು ಹೇಳಿ. ಹೋದ ವಾರ ಯಾವ ಊರಿಗೆ ಹೋಗಿದ್ದಿರಿ, ಹೋದ ತಿಂಗಳು ಯಾವ ಮದುವೆಯಲ್ಲಿ ಊಟಮಾಡಿದಿರಿ ಎಂದು ಅವರು ಕೇಳಿದರೆ ಅಧಿಕಪ್ರಸಂಗವೆಂದು ಬಗೆಯದೆ ಉತ್ತರ ಕೊಡಿ. ಕಾಮಾಲೆಯ ಮೂಲ ಆ ಊಟದಲ್ಲಿರಬಹುದು. ಅವರು ಬರೆದುಕೊಳ್ಳುವ ಅರ್ಧ ನಿಮಿಷ ಕಾದಿರಿ. ಹೊರಡುವ ಮುನ್ನ, “ಡಾಕ್ಟರೇ, ಈ ವಾರ ನಮ್ಮ ಬಡಾವಣೆಯಲ್ಲಿ ಏನು ಹೆಚ್ಚಾಗಿದೆ?” ಎಂದು ನೀವೂ ಒಂದು ಮಾತು ಕೇಳಿ. ಡೆಂಗೆ ಎಂದು ಅವರು ಹೇಳಿದರೆ, ಮನೆಗೆ ಹೋದೊಡನೆ ಹಿತ್ತಲಿನ ತೊಟ್ಟಿಯನ್ನು ನೋಡಿ, ನೆರೆಮನೆಯವರಿಗೂ ತಿಳಿಸಿ.